ಮರು: ರಿಲ್ಯಾಕ್ಸೇಶನ್ ಅಂದರೆ ವಿಶ್ರಾಂತಿಯಾ? (ತುರ್ತು)

ಪ್ರಶ್ನೆ: ನಾಳೆ ಸಂಜೆ ಪೋಸ್ಟರ್ ಪ್ರಿಂಟಿಗೆ ಹೋಗಬೇಕು. ‘ಸೂಪರ್‌ಕೂಲ್ಡ್ ದ್ರವಗಳಲ್ಲಿ ಅಣುಗಳ ರಿಲ್ಯಾಕ್ಸೇಶನ್’ ಅನ್ನುವುದನ್ನು ‘ಅತಿಶೀತಲ ದ್ರವಗಳಲ್ಲಿ ಅಣುಗಳ ವಿಶ್ರಾಂತಿ’ ಮಾಡಿದ್ದೇನೆ. ಓದಿದರೆ ಏನೋ ಸರಿ ಅನ್ನಿಸುತ್ತಿಲ್ಲ.

ಉತ್ತರ: ವಿಶ್ರಾಂತಿ, ಶಿಥಿಲನ ಎಲ್ಲ ಸಂಸ್ಕೃತ. ಸಡಿಲಿಕೆ ಅಚ್ಚಗನ್ನಡ. ಹಾಕಿ, ಮುಗಿಯಿತು.

ಉತ್ತರ: ಮುಗಿದಿಲ್ಲ ಸರ್. ಸಡಿಲ ಅನ್ನುವುದೂ ಶಿಥಿಲದ ತದ್ಭವವೇ. ಅಚ್ಚಗನ್ನಡ ಅಂತ ಅದನ್ನು ಎತ್ತಿ ಹಿಡಿಯುವುದಾದರೆ ಶಿಥಿಲವನ್ನು ಬೈಯುವುದು ಯಾಕೆ? ಪದದ ಜಾತಿ ಆಮೇಲೆ ನೋಡೋಣ, ಮೊದಲು ಅಲ್ಲಿ ನಡೆಯುವುದೇನು ನೋಡಿ.

ಗ್ಲಿಸರಿನ್ನನ್ನೇ ತಗೊಳ್ಳಿ. ಎರಡು ತಟ್ಟೆಗಳ ನಡುವೆ ಅದನ್ನು ಥಟ್ಟನೆ ತಿರುಚಿ ಹಾಗೇ ಹಿಡಿದರೆ ಒಳಗಿನ ಬಿಗಿತ ಮೆಲ್ಲಗೆ ಇಳಿಯುತ್ತದೆ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1867ರಲ್ಲಿ ಬರೆದದ್ದು ಈ ಬಗೆಯ ಇಳಿತದ ಬಗ್ಗೆ. ಇಲ್ಲಿ ಸಡಿಲಿಕೆ ಒಪ್ಪುತ್ತದೆ. ಆದರೆ ಅದೇ ತಟ್ಟೆಗಳಿಗೆ ಎ.ಸಿ. ವೋಲ್ಟೇಜ್ ಕೊಟ್ಟಾಗ ಏನೂ ಸಡಿಲ ಆಗುವುದಿಲ್ಲ. ವೋಲ್ಟೇಜ್ ದಿಕ್ಕು ಬದಲಿಸಿದ ಹಾಗೆಲ್ಲ ಅಣುಗಳು ತಿರುಗಿ ಹೊಂದಿಕೊಳ್ಳಬೇಕು, ಅದಕ್ಕೆ ಎಷ್ಟು ತಡ ಮಾಡುತ್ತವೆ ಅನ್ನುವುದೇ ಅಳತೆ. ಬೆಚ್ಚಗಿನ ಕೋಣೆಯಲ್ಲಿ ನ್ಯಾನೋಸೆಕೆಂಡಿನ ಲೆಕ್ಕ, ಮೈನಸ್ 83 ಡಿಗ್ರಿಯ ಹತ್ತಿರ ಸುಮಾರು 100 ಸೆಕೆಂಡ್! ಎರಡು ಅಳತೆಗಳ ಸಮಯವೂ ಒಂದೇ ಬರುವುದಿಲ್ಲ, ತಿರುಚುವ ಅಳತೆಯಲ್ಲಿ ಸ್ವಲ್ಪ ಕಡಿಮೆ ಬರುತ್ತದೆ. ಎರಡಕ್ಕೂ ಕೂರುವ ಪದ ಬೇಕು. ಕದಡಿದ್ದು ಮತ್ತೆ ಹೊಂದಿಕೊಳ್ಳುವುದು ತಾನೇ? ‘ಮರುಹೊಂದಿಕೆ’ ಅನ್ನಿ. ವಿಶ್ರಾಂತಿಯಂತೂ ಬೇಡವೇ ಬೇಡ, ಅಣುಗಳು ಅಲ್ಲಿ ಮಲಗಿಲ್ಲ.

ಇನ್ನು ‘ಅತಿಶೀತಲ’. ನನ್ನ ನಿಜವಾದ ತಕರಾರು ಇದರ ಮೇಲೆ. ಗ್ಲಿಸರಿನ್ ಗಟ್ಟಿಯಾಗಬೇಕಾದದ್ದು 18 ಡಿಗ್ರಿಗೆ. ಆದರೆ ಅದು ಸುಲಭವಾಗಿ ಹರಳಾಗುವುದಿಲ್ಲ. ಹಾಗಾಗಿ ಚಳಿಗಾಲದ ಬೆಳಿಗ್ಗೆ 15 ಡಿಗ್ರಿ ಇದ್ದಾಗ ನಿಮ್ಮ ಮನೆಯ ಬಾಟಲಿಯಲ್ಲಿರುವುದೂ ಸೂಪರ್‌ಕೂಲ್ಡ್ ದ್ರವವೇ. ಅದನ್ನು ಅತಿಶೀತಲ ಅಂತ ಯಾರು ಒಪ್ಪುತ್ತಾರೆ? ಎಷ್ಟು ತಣ್ಣಗಿದೆ ಅನ್ನುವುದು ಮುಖ್ಯ ಅಲ್ಲ, ಗಟ್ಟಿಯಾಗುವ ಹಂತ ದಾಟಿಯೂ ದ್ರವವಾಗೇ ಉಳಿದಿದೆ ಅನ್ನುವುದು ಮುಖ್ಯ. ‘ಅತಿ’ ಸೇರಿಸಿ ಸುಮ್ನೆ ಪದ ಕಟ್ಟಿದರೆ ಆ ಅರ್ಥ ಬರುವುದಿಲ್ಲ.

ವೋಲ್ಟೇಜ್, ಗ್ಲಿಸರಿನ್ ಹಾಗೇ ಇರಲಿ. ಮೆಡಿಕಲ್ ಶಾಪಿನಲ್ಲಿ ಎಲ್ಲರೂ ಕೇಳುವ ಹೆಸರಿಗೆ ಹೊಸ ಪದ ಕಟ್ಟುವುದು ವ್ಯರ್ಥ, ಇದರ ಮೇಲೆ ಮತ್ತೆ ಜಗಳ ಬೇಡ.

ಪೋಸ್ಟರಿಗೆ ಹೀಗೆ ಬರೆಯಿರಿ: ‘ಹೆಪ್ಪುಗಟ್ಟದೆ ತಣಿದ ದ್ರವಗಳಲ್ಲಿ ಅಣುಗಳ ಮರುಹೊಂದಿಕೆ’. ಉದ್ದ ಆಯಿತು ಅಂದರೆ ಅಕ್ಷರ ಚಿಕ್ಕದು ಮಾಡಿ.