ಸತ್ತಾಲ್‌ನಲ್ಲಿ ಕಂಡ ಕೆಂಪು ಕೊಕ್ಕಿನ ಹಕ್ಕಿ ಯಾವುದು? ನಮ್ಮ ಶಿರಸಿ ಕಡೆ ಬರುತ್ತಾ?

ತೋಟದಮನೆ, ಶಿರಸಿ:
ಏಪ್ರಿಲ್‌ನಲ್ಲಿ ಮನೆಯವರೆಲ್ಲ ನೈನಿತಾಲ್‌ಗೆ ಹೋಗಿದ್ದೆವು. ಸತ್ತಾಲ್ ಹತ್ತಿರ ಬೆಳಿಗ್ಗೆ ಚಹಾ ಕುಡಿಯುತ್ತಾ ನಿಂತಿದ್ದಾಗ ರಸ್ತೆ ಕೆಳಗಿನ ಪೊದೆಯಿಂದ ಏಳೆಂಟು ಪುಟ್ಟ ಹಕ್ಕಿಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಕೊಕ್ಕು ಥೇಟ್ ಹಣ್ಣುಮೆಣಸಿನ ಬಣ್ಣ, ಗಂಟಲು ಹಳದಿ, ಎದೆ ಕಿತ್ತಳೆ, ಬೆನ್ನು ಪಾಚಿ ಹಸಿರು. ಫೋಟೋ ತೆಗೆದೆ, ಸಿಕ್ಕಿದ್ದು ಬಾಲ ಮಾತ್ರ! ಬಾಲದ ತುದಿ ಮೀನಿನದ್ದರ ಹಾಗೆ ಸೀಳಿದೆ. ಹಿಮಾಲಯದ ಹಕ್ಕಿಗಳು ಚಳಿಗಾಲಕ್ಕೆ ನಮ್ಮ ಕಡೆ ಬರುತ್ತವಂತಲ್ಲ, ಇದೂ ಬರುತ್ತಾ? ಮಗಳಂತೂ ಒಂದು ಜೋಡಿ ತಂದು ಸಾಕೋಣ ಅಂತ ಹಟ ಹಿಡಿದಿದ್ದಾಳೆ.

ಹಕ್ಕಿಹುಚ್ಚ:
ಕೆಂಪು ಕೊಕ್ಕು, ಸೀಳು ಬಾಲ ಅಂದ ಮೇಲೆ ರೆಡ್ ಬಿಲ್ಡ್ ಲಿಯೋಥ್ರಿಕ್ಸ್, ಅನುಮಾನವೇ ಬೇಡ. ನಿಮ್ಮ ಕಡೆ ಬರುವುದಿಲ್ಲ ಮಾರಾಯ್ರೇ. ಅದರ ವಲಸೆ ಏನಿದ್ದರೂ ಬೆಟ್ಟದ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಬೇಸಿಗೆಯಲ್ಲಿ ಎತ್ತರದ ಕಾಡು, ಚಳಿ ಜಾಸ್ತಿಯಾದರೆ ಸ್ವಲ್ಪ ಕೆಳಗಿನ ಕಣಿವೆ, ಅಷ್ಟೇ. ಪೊದೆ ಬಿಟ್ಟು ಬಯಲಿಗೆ ಬರುವುದೇ ಕಡಿಮೆ, ಹುಳ, ಹಣ್ಣು ಹುಡುಕುತ್ತಾ ಗುಂಪಾಗಿ ನೆಲದ ಹತ್ತಿರವೇ ಓಡಾಡಿಕೊಂಡಿರುತ್ತದೆ. ಸ್ನಾನದ ಹುಚ್ಚು ಮಾತ್ರ ವಿಪರೀತ. ನೀರು ಕಂಡರೆ ಸಾಕು, ಗುಂಪಿಗೆ ಗುಂಪೇ ಇಳಿದು ಪುಕ್ಕ ಒದ್ದೆ ಮಾಡಿಕೊಂಡು, ಆಮೇಲೆ ಒಂದೇ ಕೊಂಬೆಯ ಮೇಲೆ ಒತ್ತಾಗಿ ಕೂತು ಒಂದು ಇನ್ನೊಂದರ ಕುತ್ತಿಗೆ ಪುಕ್ಕ ಸರಿ ಮಾಡುತ್ತಿರುತ್ತದೆ, ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಅಂದಹಾಗೆ ನಿಮ್ಮ ಅಂಗಳದ ಹರಟೆಮಲ್ಲ ಇದರ ಬಳಗವೇ. ಬಣ್ಣ ನೋಡಿದರೆ ಯಾರೂ ನಂಬಲ್ಲ, ಗುಂಪಿನ ಗಲಾಟೆ ನೋಡಿದರೆ ನಂಬಬಹುದು.

ಕಾಳಿ ದಂಡೆ, ಕಾರವಾರ:
ಸಾಕುವ ಯೋಚನೆ ಬಿಟ್ಟುಬಿಡಿ. ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಈ ಹಕ್ಕಿಗೆ ಅದರ ಹಾಡೇ ಶತ್ರು. ಪೀಕಿಂಗ್ ರಾಬಿನ್ ಅಂತ ಹೆಸರಿಟ್ಟು ಊರೂರಿಗೆ ಮಾರಿದ್ದಾರೆ. ಪಂಜರದಿಂದ ತಪ್ಪಿಸಿಕೊಂಡವು, ಬೇಕಂತಲೇ ಬಿಟ್ಟವು ಸೇರಿ ಹವಾಯಿ ದ್ವೀಪಗಳ ಕಾಡಿನಲ್ಲಿ, ಯುರೋಪಿನ ಕೆಲವು ಕಡೆ ಬೀಡುಬಿಟ್ಟಿವೆ. ಎಲ್ಲಿಯ ಹಿಮಾಲಯ, ಎಲ್ಲಿಯ ಹವಾಯಿ!

ಬೆಟ್ಟದಂಚು:
ಹಕ್ಕಿಹುಚ್ಚ ಹೇಳಿದ್ದು ಸರಿ, ಆದರೆ ಶಿರಸಿಯವರು ಬೇಜಾರಾಗುವುದು ಬೇಡ. ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಘಟ್ಟದ ಕಾಡಿಗೆ ಬರುವ ಬಣ್ಣದ ಹಕ್ಕಿ ಒಂದಿದೆ, ಬ್ಲೂ ಕ್ಯಾಪ್ಡ್ ರಾಕ್ ಥ್ರಷ್. ಗಂಡಿನ ತಲೆ ನೀಲಿ, ಹೊಟ್ಟೆ ಇಟ್ಟಿಗೆ ಬಣ್ಣ, ರೆಕ್ಕೆಯಲ್ಲಿ ಬಿಳಿ ಪಟ್ಟೆ. ಹೆಣ್ಣು ಸಾದಾ ಕಂದು. ಗಲಾಟೆ ಇಲ್ಲ, ಗುಂಪಿಲ್ಲ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ನೆರಳಿನ ಕೊಂಬೆ ಮೇಲೆ ನೆಟ್ಟಗೆ ಸುಮ್ನೆ ಕೂತಿರುತ್ತದೆ. ಕೆಳಗೆ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಹುಳ ಅಲ್ಲಾಡಿದರೆ ಪಟಕ್ಕನೆ ಇಳಿದು, ಹಿಡಿದು, ಮತ್ತೆ ಮೇಲೆ. ಈಗ ಮೇ ತಿಂಗಳು, ವಾಪಸ್ ಹೋಗಿರುತ್ತದೆ. ದೀಪಾವಳಿ ಕಳೆದ ಮೇಲೆ ನೋಡಿ.

ತೋಟದಮನೆ, ಶಿರಸಿ:
ಅಯ್ಯೋ, ಅದು ನಮ್ಮ ಬೇಲಿ ಹತ್ತಿರ ಕೂರುತ್ತಿತ್ತು! ಮಡಿವಾಳ ಹಕ್ಕಿಯ ಯಾವುದೋ ಜಾತಿ ಅಂದುಕೊಂಡು ಸರಿಯಾಗಿ ನೋಡಿರಲೇ ಇಲ್ಲ. ಎಲ್ಲರಿಗೂ ಥ್ಯಾಂಕ್ಸ್. ಸ್ನಾನದ ವಿಷಯ ಓದಿ ಹೇಳಿದ್ದೇ ತಡ, ಮಗಳು ಬಚ್ಚಲ ಹಿಂದೆ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟಿದ್ದಾಳೆ. ಮೊದಲು ಬಂದಿದ್ದು ಹರಟೆಮಲ್ಲಗಳೇ. ಆರೇಳು ಒಟ್ಟಿಗೆ ತಟ್ಟೆ ಅಂಚಿಗೆ ಹತ್ತಿ, ಅದನ್ನು ಮಗುಚಿ ಹಾಕಿ ಹೋದವು.