ಅರೋವಾನ, ಆಸ್ಕರ್, ಫ್ಲವರ್‌ಹಾರ್ನ್ ಮೀನುಗಳು ಒಂದೇ ಟ್ಯಾಂಕಲ್ಲಿ: ಜಗಳ ನಿಲ್ಲಿಸೋದು ಹೇಗೆ?

ಹಾಸನದ ಹುಡುಗ:
ನಮಸ್ಕಾರ. ನನ್ನದು 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್. ಒಳಗೆ ಒಂದಡಿ ಹತ್ತಿರದ ಸಿಲ್ವರ್ ಅರೋವಾನ, ಅಂಗೈಗಿಂತ ದೊಡ್ಡ ಎರಡು ಟೈಗರ್ ಆಸ್ಕರ್, ಒಂದು ಸಕ್ಕರ್ ಮೀನು. ಯಾವ ತಕರಾರೂ ಇರಲಿಲ್ಲ. ಸ್ನೇಹಿತ ಊರು ಬಿಡುವಾಗ ತನ್ನ ಫ್ಲವರ್‌ಹಾರ್ನ್ ಕೊಟ್ಟು ಹೋದ, ಅದನ್ನೂ ಬಿಟ್ಟೆ. ಈಗ ಅರೋವಾನದ ಬಾಲ ಹರಿದಿದೆ. ಎಡಗಡೆ ಫ್ಲವರ್‌ಹಾರ್ನ್, ಬಲಗಡೆ ಆಸ್ಕರ್‌ಗಳು, ದಾಟಿದವರಿಗೆ ಏಟು. ಆಸ್ಕರ್‌ಗಳೂ ಮೊದಲಿನಂತಿಲ್ಲ, ಬಾಯಿಗೆ ಬಾಯಿ ಕಚ್ಚಿ ಎಳೆದಾಡ್ತವೆ, ಮೂಲೆಯ ಚಪ್ಪಟೆ ಕಲ್ಲನ್ನ ಉಜ್ಜಿ ಉಜ್ಜಿ ಪಾಚಿಯೆಲ್ಲಾ ತೆಗೆದಿವೆ. ಹೊಟ್ಟೆ ತುಂಬಿದ್ರೆ ಸುಮ್ಮನಿರ್ತವೆ ಅಂತ ಗೋಲ್ಡ್‌ಫಿಶ್ ಮರಿ ಹಾಕ್ತಿದ್ದೀನಿ. ಅಂಗಡಿಯವರು "ಒಂದು ರೆಡ್‌ಟೇಲ್ ಕ್ಯಾಟ್‌ಫಿಶ್ ಬಿಡಿ, ಮಿಕ್ಕವು ಬಾಲ ಮುದುರ್ಕೊಂಡು ಇರ್ತವೆ" ಅಂತಾರೆ. ಬಿಡಲಾ?

ಗಾಜಿನಮನೆ:
ಫ್ಲವರ್‌ಹಾರ್ನ್ ಇವತ್ತೇ ತೆಗಿ ಗುರು. ಅದು ಒಂಟಿ ಮೀನು. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಬಸವನಗುಡಿ ಅಂಕಲ್:
ಮೊದಲು ರೆಡ್‌ಟೇಲ್. ಅಂಗಡಿಯಲ್ಲಿ ಬೆರಳುದ್ದ ಇದ್ದು ಮೀಸೆ ಅಲ್ಲಾಡಿಸ್ತಾ ಮುದ್ದಾಗಿ ಕಾಣುತ್ತೆ. ಅಮೆಜಾನ್ ನದಿಯ ಮೀನು, ಮೂರು ನಾಲ್ಕು ಅಡಿ ಬೆಳೆಯುತ್ತೆ. ನಿಮ್ಮ ಟ್ಯಾಂಕಿನ ಅಗಲ ಎರಡಡಿ. ಅದು ತಿರುಗೋದು ಹೇಗೆ? ಆಸ್ಕರ್ ನುಂಗೋಕೆ ಅದಕ್ಕೆ ಸಿಟ್ಟು ಬರಬೇಕಾಗಿಲ್ಲ, ಬಾಯಲ್ಲಿ ಹಿಡಿಸಿದ್ರೆ ಸಾಕು.

ಬೇಟೆ ಮೀನು ಒಟ್ಟಿಗೆ ಸಾಕೋವಾಗ ಮೊದಲ ಲೆಕ್ಕ ಅದೇ: ಯಾರ ಬಾಯಲ್ಲಿ ಯಾರು ಹಿಡಿಸ್ತಾರೆ. ಆಮೇಲಿನದು, ಯಾರು ಎಲ್ಲಿ ಓಡಾಡ್ತಾರೆ. ಅರೋವಾನ ನೀರಿನ ಮೇಲ್ಭಾಗ ಬಿಟ್ಟು ಇಳಿಯೋದು ಕಮ್ಮಿ, ಆಸ್ಕರ್ ನಡುವೆ, ತಳದಲ್ಲಿ. ಅದಕ್ಕೇ ಇಷ್ಟು ದಿನ ಒಬ್ಬರ ಗೊಡವೆ ಒಬ್ಬರಿಗಿರಲಿಲ್ಲ. ಫ್ಲವರ್‌ಹಾರ್ನ್‌ಗೆ ಮೇಲೂ ಇಲ್ಲ ಕೆಳಗೂ ಇಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಸಿಕ್ಲಿಡ್ ಅನ್ನೋ ಕುಟುಂಬದ ಮೀನುಗಳನ್ನ ಬೆರಕೆ ಮಾಡಿ ಹುಟ್ಟಿಸಿದ ಮೀನು ಅದು. ಇಡೀ ಟ್ಯಾಂಕ್ ತನ್ನ ಹೆಸರಿಗೆ ಖಾತೆ ಆಗಿದೆ ಅನ್ನೋ ಹಾಗೆ ಆಡುತ್ತೆ.

ಆದ್ರೆ ಅದನ್ನ ತೆಗೆದರೂ ನಿಮ್ಮ ತಲೆನೋವು ಪೂರ್ತಿ ಹೋಗಲ್ಲ. ಕಲ್ಲು ಉಜ್ಜುತ್ತವೆ ಅಂದ್ರಲ್ಲ, ನಿಮ್ಮ ಆಸ್ಕರ್‌ಗಳು ಜೋಡಿಯಾಗಿವೆ. ಆ ಕಲ್ಲಿನ ಮೇಲೆ ಮೊಟ್ಟೆ ಇಡೋಕೆ ತಯಾರಿ ನಡೀತಿದೆ. ಬಾಯಿ ಕಚ್ಚಾಟವೂ ಅದರ ಭಾಗವೇ. ಹೊರಗಿಂದ ಗಂಡು ಹೆಣ್ಣು ಗೊತ್ತಾಗಲ್ಲ, ಎರಡೂ ಹೆಣ್ಣಾಗಿದ್ರೂ ಹೀಗೆ ಆಡಬಹುದು, ಆಗ ಮೊಟ್ಟೆ ಬೆಳ್ಳಗಾಗಿ ಬೂಷ್ಟು ಹಿಡಿಯುತ್ತೆ. ಮೊಟ್ಟೆ ಕಾಯೋ ಆಸ್ಕರ್ ನಿಮ್ಮ ಕೈಯನ್ನೂ ಬಿಡಲ್ಲ, ಇನ್ನು ಅರೋವಾನ ಯಾವ ಲೆಕ್ಕ. ಕಲ್ಲು ತೆಗೀರಿ. ಅವತ್ತೇ ಮರದ ತುಂಡು ಗಿಂಡು ಇದ್ರೆ ಜಾಗ ಬದಲಿಸಿ, ಗುರುತು ತಪ್ಪಿದ್ರೆ ಹಕ್ಕು ಸಾಧಿಸೋದು ಕಮ್ಮಿಯಾಗುತ್ತೆ. ಮೊಟ್ಟೆ ಇಡೋ ಹುರುಪು ಇಳಿಯೋಕೆ, ಹೀಟರ್ 30 ಡಿಗ್ರಿಯಲ್ಲಿದ್ರೆ 26ಕ್ಕೆ ಇಳಿಸಿ, ಒಂದೇ ಸಲಕ್ಕಲ್ಲ, ನಿಧಾನಕ್ಕೆ.

ಗೋಲ್ಡ್‌ಫಿಶ್ ನಿಲ್ಲಿಸಿ. ಅದರಲ್ಲಿರೋ ಥಯಾಮಿನೇಸ್ ಅನ್ನೋ ಕಿಣ್ವ ಬಿ1 ವಿಟಮಿನ್ ಹಾಳು ಮಾಡುತ್ತೆ, ಜೊತೆಗೆ ಬಿಳಿ ಚುಕ್ಕೆ ರೋಗವೂ ಅಂಗಡಿಯಿಂದ ಬರುತ್ತೆ. ಪೆಲೆಟ್ (ಒಣ ಗುಳಿಗೆ ಆಹಾರ) ತಿನ್ನೋದು ಕಲಿಸಿ, ನಡುನಡುವೆ ಸಿಗಡಿ ಕೊಡಿ. ಜಾಗಕ್ಕಾಗಿ ನಡೆಯೋ ಜಗಳ ಹೊಟ್ಟೆ ತುಂಬಿದ್ರೆ ನಿಲ್ಲಲ್ಲ.

ಅಂಚಿನವರೆಗೆ ತುಂಬಿದ್ರೂ ನಿಮ್ಮ ಟ್ಯಾಂಕ್ ಸುಮಾರು 560 ಲೀಟರ್. ಅರೋವಾನ ಎರಡೂವರೆ ಅಡಿ ದಾಟಬಹುದು. ಮೂರಡಿ ಅಗಲದ ಟ್ಯಾಂಕಿಗೆ ಈಗಿನಿಂದಲೇ ದುಡ್ಡು ಕೂಡಿಡಿ. ಮುಚ್ಚಳದ ಮೇಲೆ ಭಾರ ಇದೆ ತಾನೇ? ಬೆದರಿದ ಅರೋವಾನ ಎಗರುತ್ತೆ.

ಹಾಸನದ ಹುಡುಗ:
ಅಂಕಲ್, ಜೋಡಿ ಅಂತ ಹೊಳೆದೇ ಇರಲಿಲ್ಲ! ಕಲ್ಲು ತೆಗೀತೀನಿ. ಫ್ಲವರ್‌ಹಾರ್ನ್‌ಗೆ ಬೇರೆ ಟ್ಯಾಂಕ್ ಇಲ್ಲ. ಊರ ಕೆರೆಗೆ ಬಿಟ್ರೆ ಬದುಕುತ್ತಾ?

ಮೀನುಶಾಲೆ:
ಬದುಕುತ್ತೆ, ಅದೇ ತೊಂದರೆ. ನಮ್ಮ ಕೆರೆಗಳಲ್ಲಿ ಬಲೆ ಹಾಕಿದ್ರೆ ಬರೋ ಸಕ್ಕರ್ ಮೀನುಗಳಿಗೂ ಮೂಲ ಯಾರದೋ ಮನೆಯ ಟ್ಯಾಂಕ್. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೇ ಅಲಿಗೇಟರ್ ಗಾರ್ ಅನ್ನೋ ಅಮೆರಿಕದ ಬೇಟೆ ಮೀನು ಸಿಕ್ಕಿತ್ತು. ಅಂಗಡಿಗೆ ವಾಪಸ್ ಕೊಡಿ, ಇಲ್ಲ ಸಾಕೋರಿಗೆ ಕೊಡಿ.

ಬಸವನಗುಡಿ ಅಂಕಲ್:
ಯಾರಾದ್ರೂ ಸಿಗೋವರೆಗೆ ಟ್ಯಾಂಕ್ ಮಧ್ಯೆ ತಡೆ ಹಾಕಿ. ನೀರು ಆಡೋಕೆ ತೂತು ಇರಲಿ, ಆದ್ರೆ ಆಚೆ ಕಡೆ ಕಾಣದಂತೆ ಬಣ್ಣದ ಅಕ್ರಿಲಿಕ್ ಹಾಳೆ ತಗೊಳ್ಳಿ. ಪಾರದರ್ಶಕ ಹಾಕಿದ್ರೆ ಫ್ಲವರ್‌ಹಾರ್ನ್ ಹಗಲೆಲ್ಲಾ ಗುದ್ದಿ ಮೂತಿ ಕೆತ್ತಿಕೊಳ್ಳುತ್ತೆ. ಅರೋವಾನಕ್ಕೆ ಇಕ್ಕಟ್ಟಾಗುತ್ತೆ, ಹಾಗಾಗಿ ದೊಡ್ಡ ಭಾಗ ಅದಕ್ಕೇ ಬಿಡಿ, ತುಂಬಾ ದಿನ ಎಳೀಬೇಡಿ.

ಹಾಸನದ ಹುಡುಗ:
ಸರಿ. ಕಲ್ಲು ತೆಗೆಯೋ ಮೊದಲೇ ಮೊಟ್ಟೆ ಇಟ್ಟುಬಿಟ್ರೆ? ಮರಿ ಮಾಡಿಸೋ ಆಸೆಯೂ ಇದೆ.

ಬಸವನಗುಡಿ ಅಂಕಲ್:
ಒಂದು ಸಲಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಹುದು. ತಗೊಳ್ಳೋರು ಯಾರು ಅಂತ ಆ ಅಂಗಡಿಯವರನ್ನೇ ಮೊದಲು ಕೇಳಿ ನೋಡಿ.