ಅಪ್‌ಡೇಟ್: ಈ ಸಲ ಉಪ್ಪಿನಕಾಯಿಗೆ ಬೂಷ್ಟು ಬಂದಿಲ್ಲ

ಬೇಸಿಗೆಯಲ್ಲಿ ಇಲ್ಲಿ ಕೇಳಿದ್ದೆ: ಕಲಬುರಗಿಯ ನಮ್ಮ ಮನೆಯಲ್ಲಿ ಮಳೆ ಹಿಡಿದ ಕೂಡಲೇ ಮಾವಿನಕಾಯಿ ಉಪ್ಪಿನಕಾಯಿಗೆ ಬಿಳಿ ಬೂಷ್ಟು ಕಟ್ಟುತ್ತದೆ, ಒಗ್ಗರಣೆಗೆ ಸಾಸಿವೆ ಎರಡು ಪಟ್ಟು ಹಾಕಿದರೂ ನಿಲ್ಲುತ್ತಿಲ್ಲ, ಏಕೆ? ಈಗ ಶ್ರಾವಣ ಮುಗಿಯುತ್ತಾ ಬಂತು. ಇಂದು ಬೆಳಿಗ್ಗೆ ಭರಣಿಯ ಬಟ್ಟೆ ಬಿಚ್ಚಿದೆ. ಹೋಳುಗಳ ಮೇಲೆ ಒಂದು ಬೆರಳಿನಷ್ಟು ಕುಸುಬೆ ಎಣ್ಣೆ ತಿಳಿಯಾಗಿ ನಿಂತಿದೆ, ಸಾಸಿವೆಯ ಘಾಟು ಮೂಗಿಗೇ ಏರಿತು. ಬೂಷ್ಟಿನ ಚುಕ್ಕೆಯೂ ಇಲ್ಲ!

ನೀವು ಹೇಳಿದ್ದೇ ಸರಿ. ಆ ಘಾಟು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಹಸಿ ಕಾಳು ಪುಡಿಯಾಗಿ ತೇವ ತಗುಲಿದಾಗ ಮೈರೋಸಿನೇಸ್ ಎಂಬ ಕಿಣ್ವ ಕಾಳಿನಲ್ಲಿರುವ ಸಿನಿಗ್ರಿನ್ ಎಂಬ ವಸ್ತುವನ್ನು ಒಡೆಯುತ್ತದೆ, ಆಗ ಹುಟ್ಟುವ ಘಾಟಿನ ವಸ್ತು ಅಲೈಲ್ ಐಸೋಥಯೋಸಯನೇಟ್ ಬೂಷ್ಟನ್ನು ತಡೆಯುತ್ತದೆ. ಕಾದ ಎಣ್ಣೆಯಲ್ಲಿ ಸಿಡಿಸಿದರೆ ಕಿಣ್ವವೇ ಕೆಡುತ್ತದೆ. ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ. ಈ ಸಲ ಹಸಿ ಸಾಸಿವೆಯನ್ನು ಕುಟ್ಟಿ, ಎಣ್ಣೆ ಪೂರ್ತಿ ಆರಿದ ಮೇಲೆ ಬೆರೆಸಿದೆ. ಉಪ್ಪನ್ನೂ ಕಡಿಮೆ ಮಾಡಲಿಲ್ಲ; ಉಪ್ಪು, ಹುಳಿ ಗಟ್ಟಿಯಾಗಿದ್ದರೆ ಮಾತ್ರ ಸಾಸಿವೆ ಕೈಹಿಡಿಯುತ್ತದೆ ಎಂದು ಅತ್ತೆಯೂ ಹೇಳಿದರು.

ಬೆಳ್ಳುಳ್ಳಿಯೂ ಹೀಗೆ ಬೂಷ್ಟು ತಡೆಯುತ್ತದೆಯೇ ಎಂದು ಕೇಳಿದ ಅಕ್ಕನಿಗೆ: ಜಜ್ಜಿದಾಗ ಅದರಲ್ಲಿಯೂ ಆಲಿಸಿನ್ ಎಂಬ, ಬೂಷ್ಟು ತಡೆಯುವ ಘಾಟಿನ ವಸ್ತು ಹುಟ್ಟುತ್ತದೆ, ನಿಜ. ಆದರೆ ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಲೇಬೇಡಿ. ಗಾಳಿಯಾಡದ ಆ ಎಣ್ಣೆಯಲ್ಲಿ ಬಾಟುಲಿಸಮ್ ಎಂಬ ಪ್ರಾಣಕ್ಕೇ ಅಪಾಯವಾದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಬಹುದು, ವಾಸನೆಯಿಂದ ಗೊತ್ತಾಗುವುದಿಲ್ಲ.